ಸರ್ಜಾನನ್ನು ನಡೆಸಿದ್ದು

ಘೋಡಗೇರಿಯ ರಾಚಪ್ಪನ ಮನೆಯಲ್ಲಿ ಚೌತಿಯ ಹೊತ್ತಿಗೆ ಹೆಂಡತಿ ಕುಳಿತುಬಿಟ್ಟಳು, ದೀಪಾವಳಿಯ ಹೊತ್ತಿಗೆ ನಾಯಿಮರಿ ಕುಳಿತುಬಿಟ್ಟಿತು. ಇಬ್ಬರನ್ನೂ ಎಬ್ಬಿಸುವ ಭಾರ ಬಿದ್ದದ್ದು ರಾಚಪ್ಪನ ತಲೆಗೆ. ಊರಿನವರಿಗೆ ಇದು ಸಂಜೆಯ ಪುಕ್ಕಟೆ ನಾಟಕವಾಯಿತು. ರಾಚಪ್ಪನಿಗೆ ಮಾತ್ರ ರೊಟ್ಟಿ ಗಂಟಲಲ್ಲಿ ಇಳಿಯದಂತಾಯಿತು.

ರಾಚಪ್ಪ ಸಾಮಾನ್ಯ ಮನುಷ್ಯನಲ್ಲ. ಹೋರಿ ಪಳಗಿಸುವುದರಲ್ಲಿ ಹುಕ್ಕೇರಿ, ಗೋಕಾಕ ಎರಡೂ ತಾಲೂಕುಗಳಲ್ಲಿ ಅವನದು ಎತ್ತಿದ ಕೈ. ಮೂರು ಜನರನ್ನು ಕೆಡವಿ ಬಂದ ಹೋರಿಯನ್ನೂ ಹನ್ನೆರಡೇ ದಿನಗಳಲ್ಲಿ ನೊಗಕ್ಕೆ ಹಚ್ಚಿ, ಹಸುಗೂಸಿನಂತೆ ಮಾಲೀಕನ ಕೈಗೆ ಒಪ್ಪಿಸುತ್ತಿದ್ದ. ಅವನ ವಿದ್ಯೆ ಬಹಳ ಸರಳ. ಎಡಕ್ಕೆ ನುರಿತ ಹಳೆ ಎತ್ತು, ಬಲಕ್ಕೆ ಏನೂ ಅರಿಯದ ಹೊಸ ಹೋರಿ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಹಳೆಯದು ನಡೆದಂತೆ ಹೊಸದು ನಡೆಯಲೇಬೇಕು. ಟ್ರ್ಯಾಕ್ಟರು ಬಂದ ಮೇಲೆ (ಅದನ್ನು ಪಳಗಿಸುವ ತಾಪತ್ರಯವಿಲ್ಲ, ಡೀಸೆಲ್ ಸುರಿದರೆ ಸಾಕು) ಅವನನ್ನು ಕೇಳಿಕೊಂಡು ಬರುವವರು ಇಲ್ಲವಾದರು. ಆದರೆ ಕಣ್ಣಿಗೆ ಹತ್ತಿದ ಚಾಳಿ ಬಿಡಬೇಕಲ್ಲ. ಯಾರು ಎದುರಿಗೆ ಬಂದರೂ ಅವನು ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದ. ಒಮ್ಮೆ ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿ, ಎಲ್ಲರೂ ಸಕ್ಕರೆ ಹಂಚುವ ಹೊತ್ತಿನಲ್ಲಿ, "ಹುಡುಗ ಎಡಗಾಲು ಹೊರಗ ಚೆಲ್ಲತಾನ, ನೋಡ್ಕೋರಿ" ಎಂದು ಹೇಳಿ ಬಂದಿದ್ದ. ಆ ಮನೆಯವರು ಇವತ್ತಿಗೂ ಇವನೊಂದಿಗೆ ಮಾತಾಡುವುದಿಲ್ಲ.

ಅವನದೊಂದು ಕಾನೂನಿತ್ತು. "ನಡಿಗಿ ಕೆಟ್ಟಿತಂದ್ರ ಮುಗೀತು. ಅದನ್ನ ಮನಿಯಾಗ ಇಟ್ಕೊಂಡು ಕುಂಡ್ರಬಾರ್ದು." ಈ ಕಾನೂನಿಗೆ ಅವನು ತನ್ನವರು ಪರರು ಎನ್ನುತ್ತಿರಲಿಲ್ಲ. ಆರು ವರ್ಷದ ಹಿಂದೆ ಸ್ವಂತ ಎತ್ತು ಸರ್ಜಾ ಕಾಲುವೆಯ ದಂಡೆಯ ಮೇಲೆ ಕುಸಿದು ಮುಂಗಾಲು ಮುರಿದುಕೊಂಡಿತು. ಹನ್ನೊಂದು ವರ್ಷ ಎಡದ ನೊಗ ಹೊತ್ತ ಎತ್ತು ಅದು, ನೂರಾರು ಹೋರಿಗಳಿಗೆ ನಡಿಗೆ ಕಲಿಸಿದ್ದು. ರಾಚಪ್ಪ ಅದರ ಕಾಲನ್ನು ಒಂದು ಸಲ ನೋಡಿದ, ಮೂರನೆಯ ದಿನ ಟೆಂಪೋ ಹತ್ತಿಸಿ ಮೂಡಲಗಿ ದನದ ಸಂತೆಗೆ ಕಳಿಸಿದ. ಹೆಂಡತಿ ದ್ರಾಕ್ಷಾಯಿಣಿ ಎರಡು ದಿನ ಒಲೆ ಹಚ್ಚಲಿಲ್ಲ. ರಾಚಪ್ಪ ಹೋಟೆಲಿನಲ್ಲಿ ಚುರುಮುರಿ, ಮಿರ್ಚಿ ತಿಂದು, ಹೆಂಗಸರ ಮನಸ್ಸು ಮೆತ್ತಗೆ ಎಂದು ತೀರ್ಪು ಕೊಟ್ಟ.

(ಅಂದಹಾಗೆ, ಅವನ ಬಲಗಾಲಿನ ಚಪ್ಪಲಿಯ ಹಿಮ್ಮಡಿ ಮೂರೇ ತಿಂಗಳಿಗೆ ಸವೆಯುತ್ತಿತ್ತು. ಎಡಗಾಲಿನದು ವರ್ಷವಾದರೂ ಹೊಸದರಂತೆ ಇರುತ್ತಿತ್ತು. ಇದಕ್ಕಾಗಿ ಅವನು ಸಂಕೇಶ್ವರದ ಚಪ್ಪಲಿ ಅಂಗಡಿಯವನಿಗೆ ಬಯ್ಯದ ಬೈಗುಳವಿರಲಿಲ್ಲ.)

ಇಂಥ ಮನೆಯಲ್ಲಿ, ಚೌತಿಗೆ ನಾಲ್ಕು ದಿನವಿರುವಾಗ, ರೊಟ್ಟಿ ಬಡಿಯುತ್ತಿದ್ದ ದ್ರಾಕ್ಷಾಯಿಣಿಗೆ ಲಕವಾ ಹೊಡೆಯಿತು. ಅರ್ಧ ಬಡಿದ ರೊಟ್ಟಿಯ ಮೇಲೆಯೇ ಅವಳು ವಾಲಿದಳು. ಗೋಕಾಕದ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದಮೇಲೆ ಮಾತು ಬಂತು, ಕೈ ಬಂತು. ಬಾಯಿ ಒಂದು ಕಡೆ ತುಸು ಜಗ್ಗಿದಂತೆ ಉಳಿಯಿತು, ಎಡಗಾಲು ಭಾರವಾಗಿ ಉಳಿಯಿತು. ಡಾಕ್ಟರು ರಾಚಪ್ಪನನ್ನು ಬದಿಗೆ ಕರೆದು ಹೇಳಿದರು. "ಕಾಲು ಬರತೈತಿ. ಆದ್ರ ದಿನಾ ನಡಸಬೇಕು. ಎರಡು ಮೂರು ತಿಂಗಳು ಕುಂಡ್ರಿಸಿಬಿಟ್ರಿ ಅಂದ್ರ ಆ ಕಾಲು ನಡಿಯೂದನ್ನ ಮರ್ತಬಿಡತೈತಿ. ಆಮ್ಯಾಲ ಹಾಸಿಗಿನ ಗತಿ."

ಮನೆಗೆ ಬಂದ ದ್ರಾಕ್ಷಾಯಿಣಿ ಬಾಗಿಲ ಬಳಿ ಗೋಡೆಗೆ ಆತು ಕುಳಿತಳು. ಕುಳಿತವಳು ಏಳಲಿಲ್ಲ. ಬಚ್ಚಲಿಗೆ ಹೋಗುವುದಾದರೂ ಕುಂಡೆಯ ಮೇಲೆಯೇ ಸರಿದು ಹೋಗುವಳು, ಅದೂ ಗಂಡ ಎದುರಿಗೆ ಇಲ್ಲದಾಗ.

"ಏಳ ಏಳ, ನಾಕ ಹೆಜ್ಜಿ ಹಾಕು" ಎಂದು ರಾಚಪ್ಪ ಹೋರಿಗೆ ಹೇಳುವ ಧಾಟಿಯಲ್ಲಿಯೇ ಹೇಳುತ್ತಿದ್ದ.

"ಯಾಕ? ನಾ ಎಲ್ಲಿಗಿ ಹೋಗಬೇಕಾಗೇತಿ?"

"ಡಾಕ್ಟರ್ ಹೇಳ್ಯಾರ."

"ಡಾಕ್ಟರ್ ಏನ ಹೇಳ್ತಾರ್ರಿ. ಸತ್ತ ಮ್ಯಾಲ ಹೆಂಗಿದ್ರೂ ನನ್ನ ಕುಂಡ್ರಿಸೇ ಮಣ್ಣ ಮಾಡತೀರಿ. ಈಗಿಂದ್ಲೇ ಕುಂತು ರೂಢಿ ಮಾಡ್ಕೊಳ್ಳಾಕತ್ತೇನಿ. ನಿಮಗ ಆವತ್ತ ತ್ರಾಸ ಆಗೂದಿಲ್ಲ."

ಸತ್ತವರನ್ನು ಕುಳ್ಳಿರಿಸಿಯೇ ಹೂಳುವ ಲಿಂಗವಂತರ ಮನೆಯಲ್ಲಿ ಈ ಮಾತಿಗೆ ಎದುರು ಮಾತು ಹುಡುಕುವುದು ಕಷ್ಟ. ರಾಚಪ್ಪ ದನದ ಕೊಟ್ಟಿಗೆಗೆ ಹೋಗಿ ಇರದ ಎತ್ತಿಗೆ ಮೇವು ಹಾಕುವವನಂತೆ ಅಲ್ಲಿ ಇಲ್ಲಿ ತಡಕಾಡಿ ಬಂದ.

ಆದರೆ ಅವನ ಧೈರ್ಯ ನಿಜವಾಗಿ ಕೆಟ್ಟದ್ದು ಒಂದು ಸೋಮವಾರ. ಅವತ್ತು ದ್ರಾಕ್ಷಾಯಿಣಿ ಮೇಲಿನ ಅಟ್ಟದ ಕಡೆ ನೋಡುತ್ತ, "ಅತ್ತೀದು ಹೊರಸ ಇಳಸ್ರಿ" ಎಂದಳು. ಆ ಹೊರಸಿನ ಮೇಲೆ ರಾಚಪ್ಪನ ತಾಯಿ ಯಮನವ್ವ ನಾಲ್ಕು ವರ್ಷ ಮಲಗಿದ್ದಳು. ಬೆನ್ನ ತುಂಬ ಹುಣ್ಣು. ಮಗ್ಗುಲು ಹೊರಳಿಸಲು ದ್ರಾಕ್ಷಾಯಿಣಿಯೇ ಬೇಕು, ತೊಳೆಯಲು ಅವಳೇ, ಕೊನೆಯ ವರ್ಷ ಬಾಯಿಗೆ ಗಂಜಿ ಹಾಕಲೂ ಅವಳೇ. ರಾಚಪ್ಪ ಆ ಮೂಲೆಯ ಕಡೆ ನೋಡಲಾರದೆ ಹೋರಿಗಳ ಹಿಂದೆ ಊರೂರು ತಿರುಗಿದ. ಅದೆಲ್ಲ ಅವನಿಗೆ ಗೊತ್ತಿತ್ತು. ಈಗ ಅದೇ ಹೊರಸು, ಅದೇ ಮೂಲೆ, ಅದರ ಮೇಲೆ ದ್ರಾಕ್ಷಾಯಿಣಿ. ಅವನಿಗೆ ಹೆದರಿಕೆಯಾಯಿತು. ಹೆಂಡತಿ ಸಾಯುತ್ತಾಳೆಂಬ ಹೆದರಿಕೆ ಒಂದಾದರೆ, ಸಾಯದೆ ಹಾಗೆಯೇ ಮಲಗಿಬಿಡುತ್ತಾಳೆಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಅದನ್ನು ಬಾಯಿ ಬಿಟ್ಟು ಹೇಳುವುದು ಬರಲಿಲ್ಲವಾದ್ದರಿಂದ, "ಅಟ್ಟದಾಗ ಹೆಗ್ಗಣ ಅದಾವ, ಆಮ್ಯಾಲ ನೋಡೂನು" ಎಂದು ಜಾರಿಕೊಂಡ.

ದೀಪಾವಳಿಗೆ ಗೋಕಾಕದಿಂದ ಮಗಳು ಸುಜಾತಾ ಬಂದಳು. ಕೈಯಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಒಂದು ಕರಿಯ ನಾಯಿಮರಿ, ಅದರ ಕೊರಳಿಗೆ ಕೆಂಪು ಪಟ್ಟಾ, ಪಟ್ಟಾಗೆ ಕೆಂಪು ಹಗ್ಗ. ಮುಧೋಳದ ತಳಿ ಎಂದು ಕೊಟ್ಟವರು ಆಣೆ ಮಾಡಿದ್ದರಂತೆ. ತಾಯಿ ಮುಧೋಳದ್ದು ಇರಬಹುದು, ತಂದೆ ಮಾತ್ರ ಗೋಕಾಕದ ಬಸ್‌ಸ್ಟ್ಯಾಂಡಿನದೇ.

"ಅವ್ವಾ, ಇದನ್ನ ದಿನಾ ತಿರಗಾಡಿಸಬೇಕು ನೋಡ. ಅದರ ನೆವದಾಗ ನಿಂದೂ ನಡದಾಂಗ ಆಕ್ಕತಿ."

"ನಾ ಇನ್ನ ಹೊರಗ ಹೋಗೂದು ಒಂದ ಸಲ. ಅವತ್ತ ನಾಯಿ ಬ್ಯಾಡ, ಭಜನಿ ಸಾಕು" ಎಂದಳು ದ್ರಾಕ್ಷಾಯಿಣಿ. ಆದರೂ ಮರಿ ಅವಳ ಸೀರೆಯ ಸೆರಗಿನಲ್ಲಿ ನುಸುಳಿ ಮಲಗಿದಾಗ ಅದನ್ನು ದೂಡಲಿಲ್ಲ.

ಹೆಸರೇನಿಡುವುದೆಂಬ ಚರ್ಚೆ ನಡೆದಾಗ ಬಾಗಿಲ ಬಳಿಯಿಂದಲೇ ಹೇಳಿದಳು. "ಸರ್ಜಾ ಅನ್ರಿ."

ರಾಚಪ್ಪನ ಎದೆ ಉಬ್ಬಿತು. ಅವನ ಹಳೆಯ ಕೀರ್ತಿಯನ್ನು ಮನೆಯಲ್ಲಿ ಒಬ್ಬರಾದರೂ ನೆನಪಿಟ್ಟಿದ್ದಾರೆ! ಆ ಸಂತೋಷದಲ್ಲಿಯೇ ಅವನು ಹಗ್ಗ ಹಿಡಿದು, ಗಂಟಲು ಸರಿಮಾಡಿಕೊಂಡು, "ಹಾಂ, ನಡೀ!" ಎಂದ. ಸರ್ಜಾ ಕುಳಿತಿತು. ಜಗ್ಗಿದ. ನಾಲ್ಕೂ ಕಾಲು ಊರಿ ಕುಳಿತಿತು. ಬಲವಾಗಿ ಜಗ್ಗಿದ. ಕುಳಿತ ಭಂಗಿಯಲ್ಲಿಯೇ ಅಂಗಳದ ತುಂಬ ಗೆರೆ ಕೊರೆಯುತ್ತ ಹಿಂದೆ ಹಿಂದೆ ಬಂತು, ಥೇಟು ಹೊಲ ಹರಗುವ ಕುಂಟೆಯ ಹಾಗೆ. ರಾಚಪ್ಪ ತಿರುಗಿ ನೋಡಿದರೆ ಅದು ಅವನನ್ನು ಬಹಳ ಶಾಂತವಾಗಿ ನೋಡುತ್ತಿತ್ತು.

"ಅದೂ ಲಿಂಗವಂತರದೇ ಇರಬೇಕು. ಕುಂತ ರೂಢಿ ಮಾಡ್ಕೊಳ್ಳಾಕತ್ತೈತಿ" ಎಂದು ದ್ರಾಕ್ಷಾಯಿಣಿ ನಕ್ಕಳು. ಲಕವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಬಾಯಿಯ ಒಂದೇ ಕಡೆಯಿಂದ ಬಂದ ಆ ನಗೆಯನ್ನು ನೋಡಿ ರಾಚಪ್ಪನಿಗೆ ಸಂತೋಷವೂ ಆಯಿತು, ಮೈಯೂ ಉರಿಯಿತು.

"ಎಂತೆಂಥಾ ಹೋರಿ ನಡಸೇನಿ. ಇದೇನ ಮಹಾ! ಹನ್ನೆರಡು ದಿನ."

"ನಾಯಿಮರಿ ನಡಸಾಕ ಬರವಲ್ದು, ನನ್ನ ನಡಸಾಕ ಬಂದಾರ" ಎಂದು ಅವಳು ಸೆರಗು ಕೊಡವಿದಳು. "ಹನ್ನೆರಡಲ್ಲ, ಹದಿನೈದ ದಿನಾ, ಗೌರಿ ಹುಣ್ಣಿವಿ ಮಟಾ ಕೊಟ್ಟೆ. ಇದು ತನ್ನ ಕಾಲ ಮ್ಯಾಲ ಕಾಲಿವಿ ಪೂಲಿನ ತನಕಾ ಹೋಗಿ ಬರಬೇಕು. ಬಂತಂದ್ರ ನಾನೂ ನಡೀತೇನಿ. ಬರಲಿಲ್ಲಂದ್ರ ಅತ್ತೀ ಹೊರಸ ಇಳಸಿ ಆ ಮೂಲ್ಯಾಗ ಹಾಕಬೇಕು. ನಡೀ ಅನ್ನೂ ಮಾತು ಈ ಮನಿಯಾಗ ಮತ್ತ ಬರಬಾರ್ದು."

ಸುಜಾತಾ, "ಅವ್ವಾ, ಇದೆಂಥಾ ಮಾತು" ಎಂದಳು. ರಾಚಪ್ಪ ಆಗಲೇ ಒಪ್ಪಿಕೊಂಡಾಗಿತ್ತು. ಕಾಲುವೆಯ ಸೇತುವೆ ಮನೆಯಿಂದ ಮುನ್ನೂರು ಹೆಜ್ಜೆ. ಬಾಗಿಲಲ್ಲಿ ಕುಳಿತರೆ ಅಲ್ಲಿಯವರೆಗೂ ದಾರಿ ನೇರವಾಗಿ ಕಾಣುತ್ತಿತ್ತು, ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗುವ ಮೋಸಕ್ಕೆ ಜಾಗವಿರಲಿಲ್ಲ. ಮರುದಿನ ಸುಜಾತಾ ಗೋಕಾಕದ ಬಸ್ಸು ಹತ್ತಿದಳು.

ರಾಚಪ್ಪನ ದಿನಚರಿ ಹೀಗಿತ್ತು. ಮುಂಜಾನೆ ಪಕ್ಕದ ಮನೆಯವರು ಬಡಿದುಕೊಟ್ಟ ರೊಟ್ಟಿ ಕಟ್ಟಿಕೊಂಡು ಕಬ್ಬಿಗೆ ನೀರು ಹಾಯಿಸಲು ಹೊಲಕ್ಕೆ. ನಾಲ್ಕಕ್ಕೆ ವಾಪಸು. ಒಂದು ಕಪ್ಪು ಚಹಾ. ಐದಕ್ಕೆ ಸರ್ಜಾನ ಶಿಕ್ಷಣ. ಹಗಲೆಲ್ಲ ಮರಿ ದ್ರಾಕ್ಷಾಯಿಣಿಯೊಂದಿಗೆ ಒಳಗೇ ಇರುತ್ತಿತ್ತು. ಐದಕ್ಕೆ ರಾಚಪ್ಪ ಹಗ್ಗ ಹಿಡಿದರೆ ಅದು ಒಂದು ಕಣ್ಣು ತೆರೆದು ನೋಡಿ, ಆಕಳಿಸಿ, ಮತ್ತೆ ಮುಚ್ಚುತ್ತಿತ್ತು. ಇಂಥ ಮೈಗಳ್ಳ ಪ್ರಾಣಿಯನ್ನು ಅವನು ತನ್ನ ಜನ್ಮದಲ್ಲಿ ನೋಡಿರಲಿಲ್ಲ.

ಮೊದಲೆರಡು ದಿನ ಬಾಯಿಮಾತಿನಲ್ಲಿ ಹೇಳಿದ. ಮೂರನೆಯ ದಿನ ಹೋರಿಗಳಿಗೆ ಮಾಡುವಂತೆ ಅದರ ಹಿಂದೆ ಒಂದು ಚಿಕ್ಕ ಮರದ ತುಂಡು ಕಟ್ಟಿದ. ಭಾರ ಎಳೆದರೆ ಕಾಲಿಗೆ ಕಸುವು ಬರುತ್ತದೆ ಎಂಬುದು ಶಾಸ್ತ್ರ. ಸರ್ಜಾ ಆ ತುಂಡಿನ ಮೇಲೆ ತಲೆಯಿಟ್ಟು ಮಲಗಿತು. ಐದನೆಯ ದಿನ ದನಕ್ಕೆ ಹಾಕುವ ಶೇಂಗಾ ಹಿಂಡಿ ತೋರಿಸಿದ. ಮರಿ ಮೂಸಿ ನೋಡಿ ಮುಖ ತಿರುಗಿಸಿತು. ಆರನೆಯ ದಿನ ಹಳೆಯ ಸರ್ಜಾನ ಗೆಜ್ಜೆಸರ ಹುಡುಕಿ ಕೊರಳಿಗೆ ಹಾಕಿದ. ಆ ಸರದ ಭಾರಕ್ಕೆ ಅದರ ಮೂತಿ ನೆಲಕ್ಕೆ ಹತ್ತಿ ನಿಂತಿತು.

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಜನ ಐದಕ್ಕೆ ಸರಿಯಾಗಿ ಬಂದು ಕೂಡತೊಡಗಿದರು. ಕಿರಾಣಿ ಅಂಗಡಿಯ ಮಲ್ಲೇಶ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಇಟ್ಟ. ಒಂದು ತಾಸಿನೊಳಗೆ ಸಂಕೇಶ್ವರದಿಂದ ಫೋನು ಬಂತು. ಇಪ್ಪತ್ತು ವರ್ಷದ ಹಿಂದೆ ಹೋರಿ ಪಳಗಿಸಿಕೊಂಡು ಹೋಗಿದ್ದ ಮನುಷ್ಯ. "ರಾಚಪ್ಪಣ್ಣಾ, ವಿಡಿಯೋ ನೋಡಿದ್ನಿ. ಒಂದು ಮಾತು ಕೇಳಲ್ಯಾ? ಅದು ಜೀವಂತ ಐತೇನ್ರಿ?"

ಎಂಟನೆಯ ದಿನ ರಾಚಪ್ಪ ತನ್ನ ಬ್ರಹ್ಮಾಸ್ತ್ರ ತೆಗೆದ. ಜೋಡಿ ಕಟ್ಟುವುದು! ಎಡಕ್ಕೆ ನುರಿತದ್ದು, ಬಲಕ್ಕೆ ಅರಿಯದ್ದು. ನುರಿತ ನಾಯಿ ಊರಲ್ಲಿ ಯಾವುದೂ ಇರಲಿಲ್ಲ, ಎಲ್ಲವೂ ಸ್ವತಂತ್ರ ಜೀವಿಗಳು. ಹಾಗಾಗಿ ಪಕ್ಕದ ಮನೆಯ ಲಕ್ಕವ್ವನ ಆಡನ್ನು ಕೇಳಿ ತಂದ. ಒಂದು ಬಿದಿರುಕೋಲನ್ನು ನೊಗದಂತೆ ಕಟ್ಟಿ, ಎಡಕ್ಕೆ ಆಡು, ಬಲಕ್ಕೆ ಸರ್ಜಾ, ಹಿಂದೆ ತಾನು. ಆಡು ಬಹಳ ಗಂಭೀರವಾಗಿ ಇಪ್ಪತ್ತು ಹೆಜ್ಜೆ ನಡೆಯಿತು. ಕಟ್ಟೆಯ ಮೇಲಿನವರು ಎದ್ದು ನಿಂತರು. ರಾಚಪ್ಪನ ಕಣ್ಣಲ್ಲಿ ನೀರೇ ಬಂತು. ಇಪ್ಪತ್ತೊಂದನೆಯ ಹೆಜ್ಜೆಗೆ ಆಡಿಗೆ ತನ್ನ ಮನೆ ನೆನಪಾಗಿ, ಅಲ್ಲಿ ಸೀರೆಯ ಮೇಲೆ ಲಕ್ಕವ್ವ ಒಣಹಾಕಿದ್ದ ಸಂಡಿಗೆಯೂ ನೆನಪಾಗಿ, ಅದು ಕೋಲು ಸಮೇತ, ಮರಿ ಸಮೇತ ಆ ಕಡೆ ನುಗ್ಗಿತು. ಆಡು ಸಂಡಿಗೆ ತಿಂದಿತು. ಸರ್ಜಾ ಸಂಡಿಗೆಯ ನಡುವೆ ಮಗ್ಗುಲಾಗಿ ನಿದ್ದೆ ಹೋಯಿತು.

"ಏನ ರಾಚಪ್ಪಣ್ಣಾ, ವಯಸ್ಸಾದ ಮ್ಯಾಲ ಹಿಂಗ್ಯಾಕ ಆಡಾಕತ್ತೀರಿ?" ಎಂದು ಲಕ್ಕವ್ವ ಸೊಂಟದ ಮೇಲೆ ಕೈಯಿಟ್ಟಳು. "ಹಗಲೆಲ್ಲ ನೋಡಿದ್ರ ನಿಮ್ಮ ಮನಿಯಾಗ ಧಡ್ ಧಡ್ ಸಪ್ಪಳ. ಸಂಜಿಕ ನೋಡಿದ್ರ ಇದು. ಏನ ನಡಸೀರಿ ಒಳಗ?"

"ಹೆಗ್ಗಣ ಅವು" ಎಂದ ರಾಚಪ್ಪ.

ಹೆಗ್ಗಣವೆಂದೇ ಅವನು ನಂಬಿದ್ದ. ಮುಂಜಾನೆ ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದ ಕೆಂಪು ಹಗ್ಗ ಸಂಜೆ ಅಡುಗೆಮನೆಯ ಮೊಳೆಯ ಮೇಲಿರುತ್ತಿತ್ತು. ಹೆಗ್ಗಣ! ಫರಸಿಯ ನೆಲದ ಮೇಲೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಏನನ್ನೋ ಎಳೆದಂತೆ ಉದ್ದನೆಯ ಗೆರೆ. ದೊಡ್ಡ ಹೆಗ್ಗಣ! ಆದರೆ ದ್ರಾಕ್ಷಾಯಿಣಿಯ ಮೊಳಕೈ ಮೇಲೆ ಕಪ್ಪುಗಟ್ಟಿದ ಗಾಯ ಕಂಡಾಗ ಮಾತ್ರ ಅವನಿಗೆ ಹೆಗ್ಗಣ ನೆನಪಾಗಲಿಲ್ಲ.

"ಏನಾತದು?"

"ಬಾಗಲಾ ಬಡೀತು."

"ಕುಂತಾಕಿಗೆ ಬಾಗಲಾ ಹೆಂಗ ಬಡೀತೈತಿ?"

"ಅದ ನಡಕೋತ ಬಂತು. ಈ ಮನಿಯಾಗ ನಿಮ್ಮ ಮಾತು ಕೇಳಿ ನಡಿಯೂದು ಅದೊಂದ ನೋಡ್ರಿ."

ರಾಚಪ್ಪ ಆ ರಾತ್ರಿಯ ಊಟ ಅರ್ಧಕ್ಕೇ ಬಿಟ್ಟ. ಸರಿಯುವಾಗ ಬಿದ್ದಿದ್ದಾಳೆ, ಮೈಯಲ್ಲಿ ಇನ್ನಷ್ಟು ಕಸುವು ಹೋಗಿದೆ, ಹೇಳುತ್ತಿಲ್ಲ. ಅಟ್ಟದ ಕಡೆ ನೋಡಿದರೆ ಹೊರಸಿನ ಒಂದು ಕಾಲು ಹೊರಗೆ ಚಾಚಿಕೊಂಡು ಇವನನ್ನೇ ಕಾಯುತ್ತಿರುವಂತಿತ್ತು. ಹುಣ್ಣಿಮೆಗೆ ಇನ್ನು ಐದೇ ದಿನ.

ಮೂರು ದಿನವಿದ್ದಾಗ ಹನಮಂತ ಸಿಕ್ಕ. ಹಿಡಕಲ್ ಡ್ಯಾಮಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತನಾದ ಹಳೆಯ ಗೆಳೆಯ. ಸಂಗತಿಯನ್ನೆಲ್ಲ ಕೇಳಿ ನಕ್ಕ.

"ನಾಯಿಗಿ ಶೇಂಗಾ ಹಿಂಡಿ ಹಾಕಿದೇನ? ನೀ ಅದನ್ನ ಹಯನಕ್ಕ ಕಟ್ಟಾಂವ ಇದ್ದಿ ಏನ? ಡ್ಯಾಮಿಂದು ಒಣಾ ಮೀನ ತಂದ ಕೊಡತೇನಿ. ಒಂದ ಸಣ್ಣ ಚೂರ ಕಿಸೇದಾಗ ಇಟ್ಕೊ. ಆ ಮರಿ ನಿನ್ನ ಹಿಂದ ಕಾಶೀ ಮಟಾ ಬರತೈತಿ."

"ಮೀನಾ? ನಾನಾ?" ಎಂದು ರಾಚಪ್ಪ ಕೊರಳಲ್ಲಿದ್ದ ಲಿಂಗದ ಮೇಲೆ ಕೈಯಿಟ್ಟ. ಅವನ ಏಳು ತಲೆಮಾರಿನಲ್ಲಿ ಮೊಟ್ಟೆಯನ್ನು ಸಹ ಮುಟ್ಟಿದವರಿರಲಿಲ್ಲ. ಬೇಡ ಎಂದ. ಮನೆಗೆ ಬಂದ. ಅಟ್ಟ ನೋಡಿದ. ತಿರುಗಿ ಹೋಗಿ, "ತಾ" ಎಂದ.

ಗೌರಿ ಹುಣ್ಣಿಮೆಯ ದಿನ ಹೊಲದಲ್ಲಿ ಹನಮಂತ ಒಂದು ಪೊಟ್ಟಣ ಕೊಟ್ಟು ಹೋದ. ಸಣ್ಣ ಚೂರು ಸಾಕು ಎಂದು ಮತ್ತೊಮ್ಮೆ ಹೇಳಿಯೇ ಹೋದ. ಆದರೆ ಎಷ್ಟು ಸಣ್ಣದು, ಯಾವ ತುದಿಯ ಚೂರು ಎಂಬುದೆಲ್ಲ ರಾಚಪ್ಪನಿಗೆ ಹೇಗೆ ತಿಳಿಯಬೇಕು? ಇರಲಿ ಎಂದು ಪೂರಾ ಪೊಟ್ಟಣವನ್ನೇ ತೆಗೆದುಕೊಂಡ. ಆಮೇಲೆ ಅವನು ಮಾಡಿದ ತಪ್ಪು, ಜೀವನದಲ್ಲಿ ಒಮ್ಮೆಯಾದರೂ ಮೀನು ಕಂಡವನು ಮಾಡುವಂಥದ್ದಲ್ಲ. ಹೊಲಸು ವಸ್ತು, ತೊಳೆದಾದರೂ ಇಟ್ಟುಕೊಳ್ಳೋಣ ಎಂದು ಕಾಲುವೆಯ ನೀರಿನಲ್ಲಿ ಚೆನ್ನಾಗಿ ನೆನೆಸಿ, ಮೂರು ಸಲ ತೊಳೆದು, ಒದ್ದೆಯದನ್ನೇ ಅಂಗಿಯ ಬಲಗಡೆಯ ಕಿಸೆಗೆ ಹಾಕಿದ. ಎಡಗಡೆಯ ಕಿಸೆಯಲ್ಲಿ ವಿಭೂತಿಯ ಗಟ್ಟಿ ಇತ್ತು. ಎರಡು ತಾಸು ಬಿಸಿಲಲ್ಲಿ ತಿರುಗಿದ. ಒಣಗಿದ್ದಾಗ ಸುಮ್ಮನಿದ್ದ ಆ ಮೀನು ಈಗ ಎದ್ದು ಕುಳಿತು ಮಾತಾಡತೊಡಗಿತು.

ಐದಕ್ಕೆ ಹಗ್ಗ ಹಿಡಿದ. ಸರ್ಜಾ ಎಂದಿನಂತೆ ಒಂದು ಕಣ್ಣು ತೆರೆಯಿತು. ಮೂಗು ಅಲುಗಿತು. ಎರಡನೆಯ ಕಣ್ಣೂ ತೆರೆಯಿತು. ಎದ್ದಿತು!

ರಾಚಪ್ಪ ಬೀದಿಗಿಳಿದ. ಸರ್ಜಾ ಅವನ ಬಲಗಡೆಗೆ ಅಂಟಿಕೊಂಡು, ಮೂತಿ ಮೇಲೆತ್ತಿ, ಮೆರವಣಿಗೆಯ ಕುದುರೆಯಂತೆ ನಡೆಯಿತು. ಕಟ್ಟೆಯ ಮೇಲಿನವರು ಕತ್ತು ಚಾಚಿದರು. ಮಲ್ಲೇಶ ಮೊಬೈಲು ತೆಗೆದ. ಗುಡಿ ದಾಟುವಾಗ ಹಿಂದೊಂದು ಬೀದಿನಾಯಿ ಸೇರಿತು. ಹಿಟ್ಟಿನ ಗಿರಣಿಯ ಹತ್ತಿರ ಮತ್ತೆ ಎರಡು. ಸೇತುವೆ ಮುಟ್ಟುವಷ್ಟರಲ್ಲಿ ಹಿಂದೆ ಒಂಬತ್ತು ನಾಯಿ, ಗೋಡೆಯ ಮೇಲೆ ಎರಡು ಬೆಕ್ಕು, ತಲೆಯ ಮೇಲೆ ಒಂದು ಹದ್ದು. ರಾಚಪ್ಪ ಎದೆಯುಬ್ಬಿಸಿ ನಡೆದ. ಊರಿನ ಸಕಲ ಪ್ರಾಣಿಗಳೂ ತನ್ನ ವಿದ್ಯೆಗೆ ತಲೆಬಾಗಿದವು ಎಂಬಂತೆ ಅವನು ಸೇತುವೆಯ ಮೇಲೆ ಒಂದು ಸುತ್ತು ಹಾಕಿ, ಅಷ್ಟೂ ಪರಿವಾರದೊಂದಿಗೆ ಮನೆ ಬಾಗಿಲಿಗೆ ಬಂದು ನಿಂತ.

"ಹೋತಿಲ್ಲೋ? ಬಂತಿಲ್ಲೋ? ಈಗ ಏಳು!"

ದ್ರಾಕ್ಷಾಯಿಣಿ ಅವನನ್ನು ನೋಡಲಿಲ್ಲ. ಹಿಂದಿನ ಒಂಬತ್ತು ನಾಯಿಗಳನ್ನು ಒಂದೊಂದಾಗಿ ನೋಡಿದಳು. ಮೂಗಿಗೆ ಸೆರಗು ಹಿಡಿದಳು.

"ಅವನ್ನೂ ನೀವ ಪಳಗಿಸಿದ್ರ್ಯಾ?"

"ಹೂಂ... ಅಂದ್ರ..."

"ಕಿಸೆ ತೋರಸ್ರಿ."

"ವಿಭೂತಿ ಐತಿ."

"ಈ ಕಡೇದು."

ಬಲಗಿಸೆಯಿಂದ ಅದು ಹೊರಬಂತು. ಹೊಸಿಲ ಮೇಲೆ ಬಿದ್ದೊಡನೆ ಹತ್ತೂ ನಾಯಿಗಳು, ಸರ್ಜಾ ಸಮೇತ, ಒಂದರ ಮೇಲೊಂದು ಬಿದ್ದು ಕ್ಷಣದಲ್ಲಿ ಸಾಕ್ಷಿಯನ್ನು ಮುಗಿಸಿದವು. ವಾಸನೆ ಮಾತ್ರ ಉಳಿಯಿತು. ಲಕ್ಕವ್ವ ಗೋಡೆಯಾಚೆಯಿಂದ, "ಶಿವಶಿವಾ, ರಾಚಪ್ಪಣ್ಣಾ!" ಎಂದಳು.

"ಕೊರಳಾಗ ಲಿಂಗ, ಕಿಸೇದಾಗ ಮೀನ" ಎಂದಳು ದ್ರಾಕ್ಷಾಯಿಣಿ. "ನನ್ನ ಒಂದ ಮಾತಿನ್ಯಾಗ ಸೋಲಸಾಕ ಇಷ್ಟ ಮಾಡಿದ್ರ್ಯಾ?"

ಆಗ ರಾಚಪ್ಪನ ಬಾಯಿಂದ, ಎರಡು ತಿಂಗಳಿಂದ ಹೇಳಲಾಗದ್ದು ಹೊರಗೆ ಬಿತ್ತು. "ಸೋಲಸಾಕಲ್ಲ! ನಮ್ಮವ್ವನ ಹೊರಸಿನ ಮ್ಯಾಲ ನಿನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ. ಅವ್ವನ್ನ ನೋಡಾಕ ನೀ ಇದ್ದಿ. ನಿನ್ನ ನೋಡಾಕ ಯಾರದಾರ? ನನಗ ಅಂಜಿಕಿ ಆಕ್ಕತಿ. ಅದಕ್ಕ ಮೀನ ಏನು, ಹಾವ ಬೇಕಾದ್ರೂ ಕಿಸೇದಾಗ ಇಟ್ಕೊಂಡ ತಿರಗತಿದ್ದೆ."

ಬೀದಿಯಲ್ಲಿ ಜನ ನಿಂತಿದ್ದರು. ಯಾರೂ ನಗಲಿಲ್ಲ. ದ್ರಾಕ್ಷಾಯಿಣಿ ಬಾಗಿಲ ಚೌಕಟ್ಟು ಹಿಡಿದಳು, ಬಲಗಾಲು ಊರಿದಳು, ಎದ್ದು ನಿಂತಳು.

ರಾಚಪ್ಪ ಹಿಡಿಯಲು ಮುಂದೆ ಬಂದ. "ದೂರ ಸರೀರಿ, ನಾರಾಕತ್ತೀರಿ" ಎಂದು ಅವಳು ಬಾಯಿಯಲ್ಲಿ ಚ್ ಚ್ ಎಂದಳು. ಸರ್ಜಾ ನಾಯಿಗಳ ಗುಂಪಿನಿಂದ ಹೊರಬಂದು ಅವಳ ಬಲಮಗ್ಗುಲಿಗೆ ಬಂದು ನಿಂತಿತು. ಮೀನಿಲ್ಲ, ಹಿಂಡಿಯಿಲ್ಲ, ಗೆಜ್ಜೆಯಿಲ್ಲ. ಅವಳು ಒಂದು ಹೆಜ್ಜೆಯಿಟ್ಟರೆ ಅದೂ ಒಂದು ಹೆಜ್ಜೆಯಿಟ್ಟಿತು. ಅವಳು ನಿಂತರೆ ನಿಂತಿತು.

ರಾಚಪ್ಪ ಒಮ್ಮೆ ಅವಳ ಕಾಲು ನೋಡಿದ, ಒಮ್ಮೆ ಮರಿಯ ಕಾಲು ನೋಡಿದ.

"ಹೆಗ್ಗಣ ಅಂತಿದ್ದಿರಿ" ಎಂದಳು ಅವಳು. "ನೀವು ಹೊಲಕ್ಕ ಹೋದ ಕೂಡ್ಲೇ ಸುರು, ನಾಕ ಗಂಟೆ ತನಕಾ. ಈ ಗ್ವಾಡಿಯಿಂದ ಆ ಗ್ವಾಡಿ. ಎಡಕ್ಕ ನಾನು, ಬಲಕ್ಕ ಇದು. ಎಷ್ಟ ಸಲ ಬಿದ್ದೇನಿ, ನನಗ ಗೊತ್ತು, ಇದಕ್ಕ ಗೊತ್ತು. ದಿನಾ ಇಡೀ ದಿನ ನಡದು ನಡದು ಸಾಕಾಗಿ ಮಲಗಿದ ಕೂಸನ್ನ ಸಂಜಿಕ ನೀವು ಬಂದ ಎಳದ್ರ ಅದರೆ ಹೆಂಗ ಎದ್ದೀತು, ಪಾಪ?"

"ಮತ್ತ... ಮತ್ತ ನನ್ನ ಮುಂದ್ಯಾಕ ನಡೀಲಿಲ್ಲ ನೀ?"

ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. "ಹಳೇ ಸರ್ಜಾನ ಕಾಲ ನೋಡಿದ್ದಿರಲ್ಲ. ಆ ಕಣ್ಣಿನ ಮುಂದ ಹೆಂಗ ನಡೀಲಿ?"

ರಾಚಪ್ಪನಿಗೆ ಆ ಟೆಂಪೋ ನೆನಪಾಯಿತು. ಅದು ತಿರುವು ದಾಟುವವರೆಗೂ ಎತ್ತು ಇತ್ತ ಕಡೆಯೇ ನೋಡುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಹೆಸರಿಟ್ಟ ದಿನ ಎದೆಯುಬ್ಬಿಸಿದ್ದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಯಿತು.

"ಸಾಕು, ನಿಂತ್ರ ಕಾಲ ನೋಯತಾವು. ಪೂಲಿಗೆ ಹೋಗೂದೈತಿ" ಎಂದಳು ದ್ರಾಕ್ಷಾಯಿಣಿ. "ಮುಂದ ನಡೀರಿ. ತಿರುಗಿ ನೋಡಬ್ಯಾಡ್ರಿ."

ಹೀಗೆ ಹೋರಿ ಪಳಗಿಸುವ ರಾಚಪ್ಪ ಮುಂದೆ, ಕೆಂಪು ಹಗ್ಗ ಹಿಡಿದ ದ್ರಾಕ್ಷಾಯಿಣಿ ಹಿಂದೆ, ಅವಳ ಮಗ್ಗುಲಲ್ಲಿ ಸರ್ಜಾ, ಅದರ ಹಿಂದೆ ಅಂಗಿಯ ವಾಸನೆಯನ್ನು ನಂಬಿ ಬಂದ ಒಂಬತ್ತು ನಾಯಿಗಳು. ಕಟ್ಟೆಯ ಮೇಲಿನವರು ಮರ್ಯಾದೆಯಿಂದ ಎದ್ದು ನಿಂತರು. (ಎದ್ದದ್ದು ರಾಚಪ್ಪನಿಗಲ್ಲ.) ಅವನು ತಿರುಗಿ ನೋಡಲಿಲ್ಲ. ಹಿಂದಿನಿಂದ ಸಪ್ಪಳ ಮಾತ್ರ ಬರುತ್ತಿತ್ತು. ಒಂದು ಹೆಜ್ಜೆ, ಒಂದು ಎಳೆತ, ಒಂದು ಹೆಜ್ಜೆ, ಒಂದು ಎಳೆತ. ಎರಡು ಸಲ ಸಪ್ಪಳ ನಿಂತಿತು. ಎರಡು ಸಲವೂ ಅವನು ನಿಂತು ಕಾದ, ಆದರೂ ತಿರುಗಲಿಲ್ಲ. ಮುನ್ನೂರು ಹೆಜ್ಜೆಗೆ ಅರ್ಧ ತಾಸು ಹಿಡಿಯಿತು.

ಸೇತುವೆಯ ಕಟ್ಟೆಯ ಮೇಲೆ ಕುಳಿತು ದ್ರಾಕ್ಷಾಯಿಣಿ ಬೆವರು ಒರೆಸಿಕೊಂಡಳು. ಉಸಿರು ಹದಕ್ಕೆ ಬಂದ ಮೇಲೆ ಹೇಳಿದಳು.

"ನೀವು ಬಲಗಾಲ ಎಳೀತೀರಿ."

"ಯಾರು? ನಾನಾ?"

"ಎರಡ ವರ್ಷಾತು. ಸಂಕೇಶ್ವರದ ಚಪ್ಪಲಿ ಅಂಗಡಿಯಾಂವ ಪಾಪ, ಸುಮ್ಮನ ಬೈಸ್ಕೋತಾನ. ಹದಿನೈದ ದಿನಾ ಬಾಗಲದಾಗ ಕುಂತು ನೋಡೇನಿ, ಇವತ್ತ ಹಿಂದಿಂದ ಪೂರಾ ನೋಡಿದ್ನಿ. ದಿನದಿಂದ ದಿನಕ್ಕ ಹೆಚ್ಚ ಆಗಾಕತ್ತೈತಿ."

ರಾಚಪ್ಪ ಕಾಲು ನೋಡಿಕೊಂಡ. ಚಪ್ಪಲಿ ತೆಗೆದು ಹಿಮ್ಮಡಿ ನೋಡಿದ. ಎರಡೂ ತಾಲೂಕಿನ ಮನುಷ್ಯರ, ದನಗಳ ಕಾಲಿನ ದೋಷವೆಲ್ಲ ಒಂದೇ ನೋಟಕ್ಕೆ ಹೇಳಬಲ್ಲವನಿಗೆ ಇದೊಂದು ಕಾಲು ಎರಡು ವರ್ಷದಿಂದ ಕಂಡಿರಲಿಲ್ಲ.

"ಮತ್ತ ನೀ ಹೇಳಬಾರದಾಗಿತ್ತ?"

"ಹೇಳಿ ಏನ ಮಾಡೂದು? ನಡಿಗಿ ಕೆಟ್ಟದ್ದನ್ನ ನಾ ಮನಿಯಾಗ ಇಟ್ಕೋತೇನಿ" ಎಂದು ಅವಳು ಕಾಲುವೆಯ ನೀರು ನೋಡಿದಳು. ಬಾಯಿಯ ಒಂದು ಕಡೆ ನಗೆ ಮೂಡಿತು. "ಇಲ್ಲಂದ್ರ ಹೇಳ್ರಿ. ಇಬ್ಬರೂ ಕೂಡೇ ಹೋಗೂನು, ಮೂಡಲಗಿ ಸಂತಿಗಿ."

ಆ ಸಂಜೆ ಅಟ್ಟದಿಂದ ಯಮನವ್ವನ ಹೊರಸು ಇಳಿಯಿತು. ಅದನ್ನು ಕೊಟ್ಟಿಗೆಯಲ್ಲಿ ಹಾಕಲಾಯಿತು. ಮೀನು ಮುಟ್ಟಿದವರಿಗೆ ಒಂಬತ್ತು ದಿನ ಮನೆಯೊಳಗೆ ಮಲಗುವ ಹಕ್ಕಿಲ್ಲ ಎಂಬ ಶಾಸ್ತ್ರವನ್ನು ದ್ರಾಕ್ಷಾಯಿಣಿ ಎಲ್ಲಿಂದಲೋ ತಂದಳು. ಆ ಒಂಬತ್ತು ದಿನ ರಾಚಪ್ಪ ಅವ್ವನ ಹೊರಸಿನ ಮೇಲೆ, ಹಳೆಯ ಸರ್ಜಾನ ಗೂಟದ ಪಕ್ಕದಲ್ಲಿ ಮಲಗಿದ. ಅಂಗಿಯನ್ನು ನಾಲ್ಕು ಸಲ ಒಗೆದರೂ ವಾಸನೆ ಹೋಗದೆ, ಕೊನೆಗೆ ಹಿತ್ತಲಲ್ಲಿ ಹೂಳಬೇಕಾಯಿತು.

ಮರುದಿನ ಮುಂಜಾನೆ ಅವಳು ಬಾಗಿಲಲ್ಲಿ ನಿಂತು ಕರೆದಳು. ಮರಿ ಇನ್ನೂ ಮಲಗಿತ್ತು. ಹಿಂದಿನ ದಿನದ ಮೀನು ಅದಕ್ಕೆ ಜೀರ್ಣವಾಗಿರಲಿಲ್ಲ. ರಾಚಪ್ಪ ಚಪ್ಪಲಿ ಮೆಟ್ಟಿ ಬಂದು, ಐವತ್ತು ವರ್ಷದ ರೂಢಿಯಂತೆ, ನುರಿತವರು ನಿಲ್ಲುವ ಎಡಗಡೆಗೆ ಹೋಗಿ ನಿಂತ.

ದ್ರಾಕ್ಷಾಯಿಣಿ ಅವನ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು.

"ಬಲಕ್ಕ ಬರ್ರಿ" ಎಂದಳು.

ರಾಚಪ್ಪ ಬಲಕ್ಕೆ ಬಂದು ನಿಂತ.